ವಿರುಪಾಕ್ಷಪ್ಪನ ಕಂಪನಿ ಇಂಜಿನ್

“ನನ್ನ ಇಂಜಿನ್ ಎಲ್ಲೈತಿ ಹೇಳ್ತೀಯೋ, ಇಲ್ಲಾ ಫೌಜದಾರನ್ನ ಕರಸ್ಲೋ?”

“ನಿಮ್ಮ ಕಣ್ಣ ಮುಂದಽ ಐತೆಲ್ರಿ ಸಾವ್ಕಾರ್ರ! ಬಾನೆಟ್ ಎತ್ತಿ ಹಿಡಕೊಂಡು ನಿಂತೀರಿ, ಮತ್ತ ಎಲ್ಲೈತಿ ಅಂತೀರಲ್ಲ!”

“ಇದು ನಂದಲ್ಲ! ಬದ್ಲಿ ಮಾಡೀದಿ, ಕಳ್ಳಾ!”

ಜಾಫರಸಾಬನ ಕೈಯಲ್ಲಿದ್ದ ಬೋಲ್ಟು ಬಿಚ್ಚುವ ಪಾನಾ ನೆಲಕ್ಕೆ ಬಿತ್ತು. ಮುಗಳಖೋಡ ಬಸ್ ಸ್ಟ್ಯಾಂಡಿನ ಹಿಂದೆ, ಬೇವಿನ ಮರದ ಕೆಳಗೆ, ಇಪ್ಪತ್ತು ವರ್ಷದಿಂದ ಗ್ಯಾರೇಜು ನಡೆಸಿದವನು ಅವನು. ಆ ಮಾತನ್ನು ಕೇಳಿದ್ದು ಇದೇ ಮೊದಲು. ವಿರುಪಾಕ್ಷಪ್ಪ ಆಡಿದ್ದು ಮಾತ್ರ ಮೊದಲಲ್ಲ. ಸಂಶಯ ಅವನ ಹುಟ್ಟುಗುಣ. ಹಾಲಿನವಳ ಚರಿಗೆಯಲ್ಲಿ ಬೆರಳದ್ದಿ ನೋಡುವನು. ಕ್ಷೌರಕ್ಕೆ ಕೂತರೆ ಕಣ್ಣು ಮುಚ್ಚುವವನಲ್ಲ. ಗುಡಿಗೆ ಹೋದರೆ ಒಂದು ಚಪ್ಪಲಿ ಈ ಬಾಗಿಲಿಗೆ, ಇನ್ನೊಂದು ಆ ಬಾಗಿಲಿಗೆ ಬಿಟ್ಟು ಒಳಗೆ ಹೋಗುವನು.

ಅಂಥವನು ಕಣ್ಣುಮುಚ್ಚಿ ನಂಬಿದ್ದು ಒಂದನ್ನೇ. ೧೯೬೧ರಲ್ಲಿ ಅವರಪ್ಪ ಕೊಂಡ ಅಂಬಾಸಿಡರ್ ಕಾರಿನ ಪೆಟ್ರೋಲ್ ಇಂಜಿನ್ನನ್ನು. ಈಗ ೧೯೯೩. ಸುತ್ತಲಿನ ಕಾರು, ಜೀಪುಗಳೆಲ್ಲ ಹೊಟ್ಟೆ ಬಗೆಸಿಕೊಂಡು, ಡೀಸೆಲ್ ಇಂಜಿನ್ ತುಂಬಿಸಿಕೊಂಡು, ಟ್ರ್ಯಾಕ್ಟರಿನಂತೆ ಬಡಕೊಳ್ಳುತ್ತಿದ್ದವು. ವಿರುಪಾಕ್ಷಪ್ಪನದು ಮಾತ್ರ ಕಂಪನಿಯಿಂದ ಬಂದ ಹಾಗೇ ಇತ್ತು. ಚಾಲೂ ಮಾಡಿ, ಬಾನೆಟ್ ಮೇಲೆ ಚಹದ ಕಪ್ಪು-ಬಶಿ ಇಟ್ಟು, “ಒಂದ್ ಹನಿ ತುಳುಕಿದ್ರ ನನ್ನ ಮೀಸಿ ಬೋಳಸ್ರಿ” ಅನ್ನುವನು. ಮೀಸೆ ಇನ್ನೂ ಇತ್ತು.

ಬರುವ ರವಿವಾರ ನಿಪ್ಪಾಣಿಯಲ್ಲಿ ಹಳೆಯ ಕಾರುಗಳ ಪ್ರದರ್ಶನ. ಕಂಪನಿ ಇಂಜಿನ್ನಿನಲ್ಲೇ ಓಡುವ ಒಳ್ಳೆಯ ಕಾರಿಗೆ ಬೆಳ್ಳಿಯ ಢಾಲು ಬಹುಮಾನ. ಇಂಜಿನ್ ಮೇಲೆ ಹೊಡೆದ ನಂಬರನ್ನು ಗಾಡಿಯ ಬುಕ್ಕಿನ ನಂಬರಿನ ಜೊತೆ ತಾಳೆ ಹಾಕಿ ನೋಡುತ್ತಾರಂತೆ. ವಿರುಪಾಕ್ಷಪ್ಪ ಢಾಲು ತೂಗುಹಾಕಲು ಅಪ್ಪನ ಫೋಟೋದ ಕೆಳಗೆ ಮೊಳೆಯನ್ನೂ ಬಡಿದಿದ್ದ. ನೋಡಲು ಬನ್ನಿರೆಂದು ಬೀಗರಿಗೆಲ್ಲ ಕಾರ್ಡು ಬರೆದಿದ್ದ. ಬುಧವಾರ ಕಾರನ್ನು ಚೊಕ್ಕ ಮಾಡಲು ಜಾಫರಸಾಬನ ಹತ್ತಿರ ಬಿಟ್ಟು, ಶುಕ್ರವಾರ ಬೆಳಿಗ್ಗೆ ಒಯ್ಯಲು ಬಂದ. ಎಲ್ಲ ಸರಿಯಾಗಿಯೇ ಇತ್ತು, ಎದುರಿನ ಚಹದಂಗಡಿಯ ಲಗಮಣ್ಣ ಬಾಯಿ ತೆರೆಯುವ ತನಕ.

“ಅಲ್ಲೋ ವಿರುಪಾಕ್ಷಣ್ಣಾ, ನಿನ್ನ ಗಾಡಿ ಸಪ್ಪಳ ಬ್ಯಾರೆ ಆಗೇತಲ್ಲ? ಮದ್ಲ ಮಜ್ಜಿಗಿ ಕಡದಂಗ ಬರ್ತಿತ್ತು. ಈಗ ಹಾಲ ಹಿಂಡಿದಂಗ ಬರಾಕತ್ತೇತಿ.”

“ಟ್ಯಾಪೆಟ್ ಸರಿ ಮಾಡೀನ್ರಿ, ಅದಕ್ಕ” ಎಂದ ಜಾಫರಸಾಬ.

ವಿರುಪಾಕ್ಷಪ್ಪ ಬಾನೆಟ್ ಎತ್ತಿದ. ದಸರೆಗೊಮ್ಮೆ ಅವರವ್ವ ಗಿರಿಜವ್ವ ಎಣ್ಣೆ-ಕುಂಕುಮ ಕಲಸಿ ಮೆತ್ತುತ್ತಿದ್ದಳು. ಇಂಜಿನ್ನಿನ ಮಗ್ಗುಲಲ್ಲಿ ಅದು ರೊಟ್ಟಿಯಷ್ಟು ದಪ್ಪ ಕೂತಿತ್ತು. ಈಗ ಅದಿಲ್ಲ. ಇಂಜಿನ್ ಹೊಳೆಯಲ್ಲಿ ಮೈ ತೊಳೆದ ಎಮ್ಮೆಯಂತೆ ಫಳಫಳ ಅನ್ನುತ್ತಿದೆ.

“ಸೀಮಿಎಣ್ಣಿಲೆ ತೊಳದೀನ್ರಿ. ನಂಬರ್ ಕಾಣಬೇಕು ಅಂತ ನೀವಽ ಹೇಳಿದ್ರೆಲ್ಲ.”

ಚಹ ಕುಡಿಯುತ್ತಿದ್ದ ರಿಟಾಯರ್ಡ್ ಮಾಸ್ತರ ಪಾರಿಸ ಕರೆಯದೆಯೇ ಎದ್ದು ಬಂದ. ಕನ್ನಡಕ ಒರೆಸಿಕೊಂಡು ಇಂಜಿನ್ನಿಗೆ ಮೂಗು ಹಚ್ಚಿ ಓದಿದ: “ಕೊನೀಗೆ ಏಳು, ಒಂದು, ನಾಕು.” ಆಮೇಲೆ ಬುಕ್ಕು ಬಿಚ್ಚಿ ಓದಿದ: “ಕೊನೀಗೆ ಮೂರು, ಸೊನ್ನಿ, ಆರು. ಇದು ನಿಂದಲ್ಲ ಬಿಡಪಾ.”

ಜಗಳ ಹತ್ತಿದ್ದು ಇಲ್ಲಿಂದ.

“ಸಾವ್ಕಾರ್ರ, ಈ ಬೋಲ್ಟ್ ನೋಡ್ರಿ” ಎಂದು ಜಾಫರಸಾಬ ಅಂಗಲಾಚಿದ. “ತುಕ್ಕ ಹಿಡದ ಕುಂತಾವು. ಇಪ್ಪತ್ತೈದು ವರ್ಷದಿಂದ ಯಾರೂ ಬಿಚ್ಚಿಲ್ಲ.”

“ತುಕ್ಕೂ ನೀನಽ ಹಚ್ಚಿರ್ತಿ!”

“ಮನ್ಯಾಗ ಹಿರ್ಯಾರನ್ನಾರ ಒಂದ್ ಮಾತ ಕೇಳ್ರಿ.”

“ರೊಟ್ಟಿ ಬಡಿಯಾವ್ರಿಗೆ ಇಂಜಿನ್ ಏನ್ ಗೊತ್ತಿರ್ತೈತಿ? ಅದಿರ್ಲಿ, ಹಿಂದ ನಿಂತೈತೆಲ್ಲ, ಅದು ಯಾರ ಗಾಡಿ?”

ಐಗಳಿಯ ಭೀಮಗೊಂಡನ ಗಾಡಿ ಅದು. ಅದೇ ವರ್ಷದ್ದು, ಅದೇ ಬಣ್ಣದ್ದು. ದೋಸ್ತರಾಗಿದ್ದ ಇಬ್ಬರ ಅಪ್ಪಂದಿರೂ ಒಂದೇ ದಿನ ಕೊಂಡಿದ್ದರು. ಅದೂ ನಿಪ್ಪಾಣಿಗೆ ಹೊರಟಿತ್ತು, ಆದರೆ ಗೆಲ್ಲುವ ಆಸೆ ಭೀಮಗೊಂಡನಿಗೇ ಇರಲಿಲ್ಲ. ಅದು ಏರು ಹತ್ತುವಾಗ ಬಿಡುವ ಹೊಗೆ ನೋಡಿ, “ಭೀಮಗೊಂಡಾ, ಇವತ್ತ ಗಾಣ ಹೂಡಿಯೇನ? ಒಂದ್ ಅಚ್ಚ ಬೆಲ್ಲ ಕಳಸ” ಎಂದು ವಿರುಪಾಕ್ಷಪ್ಪ ಕಾಡುತ್ತಿದ್ದ.

ಮಾಸ್ತರ ಅದರ ಬಾನೆಟ್ಟನ್ನೂ ಎತ್ತಿ ಚಿಂದಿಯಿಂದ ತಿಕ್ಕಿದ. “ಮೂರು, ಸೊನ್ನಿ, ಆರು!”

“ಸಿಕ್ಕ ಮಗಾ!” ಎಂದು ವಿರುಪಾಕ್ಷಪ್ಪ ಕುಣಿದ.

ಹತ್ತು ಗಂಟೆಯ ಬಸ್ಸಿಗೆ ಭೀಮಗೊಂಡ ತನ್ನ ಗಾಡಿ ಒಯ್ಯಲು ಬಂದಿಳಿದರೆ ಅಲ್ಲಿ ಜಾತ್ರೆಯಷ್ಟು ಜನ. ಮೈಯಲ್ಲಿ ಕಾಳಿನ ಕಣಜದಂಥವನು, ಮಾತಿನಲ್ಲಿ ಸಾವಕಾಶ. ವಿಷಯ ಕೇಳಿ ತನ್ನ ಬುಕ್ಕು ತೆಗೆದ. ಅದರಲ್ಲಿ ಕೊನೆಗೆ ಏಳು, ಒಂದು, ನಾಲ್ಕು.

“ನನಗೂ ತಿಳೀವಲ್ದು” ಎಂದು ತಲೆ ಕೆರೆದುಕೊಂಡ. “ಎರಡ ದಿನದಾಗ ಎರಡ ಇಂಜಿನ್ ಅದಲಬದಲ ಮಾಡಾಕ ಈ ಮಿಸ್ತ್ರಿಗೇನ ಹತ್ತ ಕೈ ಅದಾವೇನ?”

“ನಿನ್ನ ಕೈನೂ ಕೂಡಿರ್ತಾವಲ್ಲ!” ಎಂದ ವಿರುಪಾಕ್ಷಪ್ಪ. “ಮಾಸ್ತರ, ಕಾಗದ ತಗೀರಿ. ಬರೀರಿ.”

ಮಾಸ್ತರ ಉತ್ಸಾಹದಿಂದ ಬರೆದ: ಯಾರ ಬುಕ್ಕಿನಲ್ಲಿ ಯಾವ ನಂಬರು ಇದೆಯೋ ಆ ಇಂಜಿನ್ ಅವರಿಗೇ ಸೇರತಕ್ಕದ್ದು. ಮುಂದೆ ಯಾರೂ ಯಾವ ತಕರಾರನ್ನೂ ಮಾಡತಕ್ಕದ್ದಲ್ಲ. ಭೀಮಗೊಂಡ ಹಿಂದೆ ಮುಂದೆ ನೋಡಿದ.

“ಸಹಿ ಮಾಡಾಕ ಕೈ ಯಾಕ ನಡಗತಾವು? ಕಳವು ಹೊರಗ ಬೀಳ್ತೈತಂತೇನ?”

ಭೀಮಗೊಂಡ ಸಹಿ ಹಾಕಿದ. ವಿರುಪಾಕ್ಷಪ್ಪ ಅವನಿಗಿಂತ ದೊಡ್ಡದಾಗಿ ಹಾಕಿದ. ಸಾಕ್ಷಿಯೆಂದು ಲಗಮಣ್ಣ ಎರಡು ಸಲ ಹಾಕಿದ.

“ಈಗ ಬಿಚ್ಚು” ಎಂದ ವಿರುಪಾಕ್ಷಪ್ಪ. “ನನ್ನ ಕಣ್ಣ ಮುಂದ ಬಿಚ್ಚು.”

ಜಾಫರಸಾಬ ಬಿದ್ದ ಪಾನಾ ಎತ್ತಿಕೊಂಡ. ಬೋಲ್ಟುಗಳನ್ನು ಬಿಚ್ಚಿದ. ಒಂದೊಂದೂ ಸುತ್ತಿಗೆ ಏಟು ತಿಂದ ಮೇಲೆಯೇ ಕದಲಿತು. ಲಗಮಣ್ಣ ಅಂಗಡಿಯ ಬಾಗಿಲಿಗೆ ಫಳಿ ಹಾಕಿ ಬಂದು, ಬೇವಿನ ಕೊಂಬೆಗೆ ಕಟ್ಟಿದ ಪುಲ್ಲಿಯ ಸರಪಳಿ ಜಗ್ಗಿದ. ಮಧ್ಯಾಹ್ನ ಹೋಯಿತು, ಊಟದ ಹೊತ್ತು ಮೀರಿತು. ಸಂಜೆ ಐದಕ್ಕೆ ಎರಡೂ ಇಂಜಿನ್ನುಗಳು ಲಾರಿಯ ಹಳೆಯ ಟೈರುಗಳ ಮೇಲೆ ಬಂದು ಕೂತವು. ಎರಡು ಕಾರುಗಳು ಹಲ್ಲು ಕೀಳಿಸಿಕೊಂಡ ಮುದುಕರಂತೆ ಬಾಯಿ ತೆರೆದು ನಿಂತವು.

ಮೂರು-ಸೊನ್ನೆ-ಆರರ ಒಳಗೆ ಬ್ಯಾಟರಿಯ ಬೆಳಕು ಬಿಟ್ಟು ನೋಡಿದ ಜಾಫರಸಾಬ ತಲೆಯೆತ್ತಿದ. “ಇದರ ಗಂಟಲ ಸುಟ್ಟ ಹೋಗೈತ್ರಿ. ಪೆಟ್ರೋಲ್ ಇಂಜಿನ್ನಿಗೆ ಯಾರೋ ಸೀಮಿಎಣ್ಣಿ ಕುಡಿಸಿ ಓಡಸ್ಯಾರ.”

“ನೋಡ್ರಿ, ನೋಡ್ರಿ! ಬಂಗಾರದಂಥಾ ನನ್ನ ಇಂಜಿನ್! ಎರಡಽ ದಿನದಾಗ ಹೆಂಗ ಕುಲಗೆಡಿಸ್ಯಾನ ಈ ಭೀಮ್ಯಾ!”

ಅಷ್ಟರಲ್ಲಿ, ಮಗ ಊಟಕ್ಕೆ ಬರಲಿಲ್ಲವೆಂದು ರೊಟ್ಟಿಯ ಗಂಟು ಹಿಡಿದು ಗಿರಿಜವ್ವ ಬಂದಳು. ಜನರನ್ನು ಸರಿಸಿ ಮುಂದೆ ಬಂದವಳು ಫಳಫಳ ಅನ್ನುವ ಇಂಜಿನ್ ನೋಡಿ ಹಾಗೇ ನೆಲಕ್ಕೆ ಕೂತಳು.

“ಅಯ್ಯ ನನ ಶಿವನಽ! ಕುಂಕುಮ ಯಾವ ಹಾಳಾದಂವ ಒರಸಿದಾ? ಹೊರಗ್ಯಾಕ ತಗಸಿದ್ಯೋ ಇದನ್ನ?”

“ಕಳವು ಸಿಕ್ಕೇತಿ ಬೇ. ಇದು ನಮ್ಮ ಇಂಜಿನ್ ಅಲ್ಲ.”

“ಅಲ್ಲಂತ ನನಗ ಗೊತ್ತಿಲ್ಲೇನೋ, ಹುಚ್ಚಪ್ಪಾ! ನಂಬರ್ ಕಾಣಬಾರದಂತಽ ದಸರಾಕ್ಕೊಮ್ಮೆ ಮೆತ್ತಿಕೋತ ಬಂದೀನಿ. ನಿಮ್ಮಪ್ಪ ಸಾಯೂ ಮುಂದ ಜೀಂವಾ ಹಿಡಕೊಂಡು ಅದೊಂದಽ ಮಾತ ಹೇಳಿ ಸತ್ತ, ಕುಂಕುಮ ಮರೀಬ್ಯಾಡ ಅಂತ.”

ಜನ ಇನ್ನಷ್ಟು ಹತ್ತಿರ ಸರಿದರು. ಸಿಟ್ಟಿನಲ್ಲಿದ್ದ ಮುದುಕಿಗೆ ಅದು ಕಾಣಲಿಲ್ಲ. “ಪೆಟ್ರೋಲ್ ಸಿಗದ ವರ್ಷ ಸೀಮಿಎಣ್ಣಿ ಹಾಕಿ ಹಾಕಿ ನಮ್ಮ ಇಂಜಿನ್ ಸುಟ್ಟ ಪುಣ್ಯಾತ್ಮ. ಐಗಳಿ ಗೌಡ್ರು ಶಿಖರಜಿ ಯಾತ್ರಾಕ್ಕ ಹೋಗೂ ಮುಂದ ತಮ್ಮ ಗಾಡಿ ನಮ್ಮ ಅಂಗಳದಾಗ ನಂಬಿ ಬಿಟ್ಟ ಹೋದ್ರು. ಅವರು ಬರೂದ್ರಾಗ ಮೀರಜದಿಂದ ಮಿಸ್ತ್ರಿ ಕರಿಸಿ, ಎಷ್ಟ ಕಷ್ಟಪಟ್ಟ ಬದ್ಲಿ ಮಾಡಿಸಿದ್ದ ನಿಮ್ಮಪ್ಪ! ಎಲ್ಲಾ ನೀರಾಗ ಹಾಕಿದೆಲ್ಲೋ! ಅಂದಂಗ, ಈ ದಪ್ಪ ಮನಷ್ಯಾ ಯಾರು, ನನ್ನಽ ನೋಡಾಕತ್ತಾನ?”

“ಐಗಳಿ ಗೌಡ್ರ ಮಗಾ ನಾನಽ ಯವ್ವಾ” ಎಂದ ಭೀಮಗೊಂಡ, ಅಷ್ಟೇ ಸಾವಕಾಶ. “ನಮ್ಮಪ್ಪ ಸಾಯೂತನಾ ಅಂತಿದ್ದ, ಯಾತ್ರಾ ಮಾಡಿದ ಪುಣ್ಯಾ ನನಗ ಬಂತು, ಪಾಪೆಲ್ಲಾ ಗಾಡಿಗೆ ಯಾಕ ತಗುಲ್ತೋ ಅಂತ.” ಮಾಸ್ತರನ ಕೈಯಲ್ಲಿದ್ದ ಕಾಗದ ತೆಗೆದುಕೊಂಡು ಮಡಚಿ ಒಳಗಿನ ಕಿಸೆಗೆ ಹಾಕಿದ. “ಮಿಸ್ತ್ರಿ, ನನ್ನ ಇಂಜಿನ್ ನನ್ನ ಗಾಡ್ಯಾಗ ಕುಂಡ್ರಸ್ರಿ. ರವಿವಾರ ನಿಪ್ಪಾಣಿಗೆ ಹೋಗೂದೈತಿ.”

ವಿರುಪಾಕ್ಷಪ್ಪನ ದನಿ ಎಳೆಗರುವಿನಂತಾಯಿತು. “ಜಾಫರಣ್ಣಾ, ಎಲ್ಲಿದ್ದು ಅಲ್ಲೇ ಇಟ್ಟ ಬಿಡೋ...”

ಜಾಫರಸಾಬ ಕಟ್ಟಿಗೆಪುಡಿಯಲ್ಲಿ ಕೈ ತಿಕ್ಕಿಕೊಂಡ. ಮೊಳೆಗೆ ತೂಗುಹಾಕಿದ್ದ ಅಂಗಿ ತೊಟ್ಟುಕೊಂಡು ಚೀಲ ಹೆಗಲಿಗೇರಿಸಿದ.

“ಈಗ ಕಳ್ಳ ಯಾರ್ರಿ ಸಾವ್ಕಾರ್ರ?”

ಆಗಲಾದರೂ ಕೈ ಮುಗಿದಿದ್ದರೆ ಮುಗಿಯುತ್ತಿತ್ತು. ಆದರೆ ಹುಟ್ಟುಗುಣ ಅಷ್ಟು ಬೇಗ ಎಲ್ಲಿ ಹೋಗುತ್ತದೆ? ವಿರುಪಾಕ್ಷಪ್ಪನ ಕಣ್ಣು ಚೀಲದ ಮೇಲೆ ಬಿತ್ತು.

“ಅದರಾಗ ಏನ ಒಯ್ಯಾಕತ್ತಿ? ತೋರಸು.”

ಜಾಫರಸಾಬ ಚೀಲವನ್ನು ಬೋರಲು ಹಾಕಿದ. ಒಂದು ಊಟದ ಡಬ್ಬಿ, ಒಂದು ನಮಾಜಿನ ಟೋಪಿ. ಟೋಪಿ ಎತ್ತಿಕೊಂಡ. ಡಬ್ಬಿ, ಚೀಲ, ಪಾನಾ, ಎರಡು ಇಂಜಿನ್ನು, ಎಲ್ಲ ಬಿಟ್ಟು ಬಸ್ ಸ್ಟ್ಯಾಂಡಿನತ್ತ ನಡೆದ. ಅಥಣಿ ಬಸ್ಸು ಬಂದು ಧೂಳೆಬ್ಬಿಸಿತು. ಧೂಳು ಕೂತಾಗ ಅಲ್ಲಿ ಯಾರೂ ಇರಲಿಲ್ಲ.

“ಅಥಣ್ಯಾಗ ಅವನ ಮಾವನ ಮನಿ ಐತಿ” ಎಂದ ಲಗಮಣ್ಣ. “ಯಾರರೆ ಒಬ್ಬರು ಹೋಗಿ ಕಾಲ ಹಿಡದ ಕರಕೊಂಡ ಬರ್ರಿ.”

ವಿರುಪಾಕ್ಷಪ್ಪ ಭೀಮಗೊಂಡನನ್ನು ನೋಡಿದ. ಭೀಮಗೊಂಡ ಇಂಜಿನ್ನನ್ನು ನೋಡಿದ. ತಾನು ಹೋದರೆ ಈ ಮನುಷ್ಯ ಏಳು-ಒಂದು-ನಾಲ್ಕನ್ನು ಚಕ್ಕಡಿಯಲ್ಲಿ ಹೇರಿಕೊಂಡು ಐಗಳಿ ಸೇರುತ್ತಾನೆಂದು ಒಬ್ಬನಿಗೆ ಸಂಶಯ. ಅಪ್ಪನ ಬುದ್ಧಿ ಮಗನಿಗೂ ಇರದೇ ಇದ್ದೀತೇ ಎಂದು ಇನ್ನೊಬ್ಬನಿಗೆ. ಒಬ್ಬ ಈ ಟೈರಿನ ಪಕ್ಕ ಕೂತ, ಇನ್ನೊಬ್ಬ ಆ ಟೈರಿನ ಪಕ್ಕ. ಗಿರಿಜವ್ವ ತಂದ ರೊಟ್ಟಿಯನ್ನು ಭೀಮಗೊಂಡನ ಮುಂದೆಯೂ ಇಟ್ಟಳು. ಅವನು ಹಿಂದೆ ಮುಂದೆ ತಿರುವಿ ನೋಡಿ ತಿಂದ.

ರವಿವಾರ ಬೆಳಿಗ್ಗೆ ಅಥಣಿ ಕಡೆಯ ಹಳೆಯ ಕಾರೊಂದು ಹಾರನ್ ಹೊಡೆಯುತ್ತ ನಿಪ್ಪಾಣಿಯತ್ತ ಹೋಯಿತು. ಅದರ ಹಿಂದಿನಿಂದ ಅಥಣಿ ಬಸ್ಸು ಬಂದು ನಿಂತಿತು. ಬೇವಿನ ಮರದ ಕೆಳಗಿಂದ ಇಬ್ಬರೂ ಕತ್ತು ಚಾಚಿ, ಇಳಿಯುವವರ ಮುಖಗಳನ್ನು ಒಂದೊಂದಾಗಿ ನೋಡಿದರು. ಮೊದಲಿಳಿದವರು ವಿರುಪಾಕ್ಷಪ್ಪನ ಬೀಗರು. ಢಾಲು ನೋಡಲು ಹೊಸ ಬಟ್ಟೆ ತೊಟ್ಟುಕೊಂಡು ಬಂದಿದ್ದರು.

ಜಾಫರಸಾಬ ಇಳಿಯಲಿಲ್ಲ.