ನಮ್ಮ ಮಾಮಾನ ಪಾಳಿ

ನಮ್ಮ ಮಾಮಾನಿಗೆ, ಅಂದರೆ ನನ್ನ ತಾಯಿಯ ಅಣ್ಣನಿಗೆ, ಬರುತ್ತಿದ್ದದ್ದು ಒಂದೇ ವಿದ್ಯೆ: ಗೇಟು ಎತ್ತುವುದು, ಗೇಟು ಇಳಿಸುವುದು. ನವಿಲುತೀರ್ಥದ ಅಣೆಕಟ್ಟಿನಿಂದ ಹೊರಡುವ ಕಾಲುವೆಯ ಮೇಲೆ ಮೂವತ್ತು ವರ್ಷ ಅದನ್ನೇ ಮಾಡಿದ್ದ. ಕೊನೆಗೆ ಲೋಕದಲ್ಲಿರುವುದೆಲ್ಲ ನೀರೇ, ಪ್ರತಿಯೊಂದಕ್ಕೂ ಎಲ್ಲೋ ಒಂದು ಗೇಟು ಇದ್ದೇ ಇದೆ ಎಂಬ ತೀರ್ಮಾನಕ್ಕೆ ಬಂದಿದ್ದ. ನನ್ನ ಮದುವೆಯಲ್ಲಿ ಬುಂದಿ ಸಾಲಲಿಲ್ಲವೆಂದು ಬೀಗರು ಸಿಟ್ಟಿಗೆದ್ದಾಗ ಇವನು ನಡುವೆ ನಿಂತು, "ಒಮ್ಮೆಲೆ ಬಿಡಬ್ಯಾಡ್ರಿ, ಕಾಲುವಿ ಒಡೀತೈತಿ. ಎರಡೆರಡ ಇಂಚ ಬಿಡ್ರಿ" ಎಂದಿದ್ದ. ಬೀಗರಿಗೆ ಏನೂ ಅರ್ಥವಾಗಲಿಲ್ಲ. ಅರ್ಥ ಮಾಡಿಕೊಳ್ಳುವ ಗಡಿಬಿಡಿಯಲ್ಲಿ ಸಿಟ್ಟು ಇಳಿದುಹೋಯಿತು!

ಇಂಥವನ ಕೈಗೆ ನನ್ನ ಮಗಳು ಸಿಕ್ಕಳು. ಇವನೇ ಅವಳ ಕೈಗೆ ಸಿಕ್ಕ ಅಂದರೂ ನಡೆದೀತು.

ಮಗಳ ಹೆಸರು ಶಾಂತಾ. ಅತ್ತೆಯವರ ತಾಯಿಯ ಹೆಸರೆಂದು ತೊಟ್ಟಿಲಲ್ಲೇ ಇಟ್ಟುಬಿಟ್ಟರು. ನಾಲ್ಕು ದಿನ ತಡೆದು, ನೋಡಿ ಇಡಬೇಕಿತ್ತು. ಐದು ವರ್ಷಕ್ಕೆ ಬರುವಷ್ಟರಲ್ಲಿ ರಾಮದುರ್ಗದ ನಮ್ಮ ಓಣಿಯಲ್ಲಿ ಅವಳು ಹತ್ತದ ಮಾಳಿಗೆ ಉಳಿದಿರಲಿಲ್ಲ. ಒಮ್ಮೆ ಒಬ್ಬಳೇ ಯರಗಟ್ಟಿ ಬಸ್ಸು ಹತ್ತಿದ್ದಳು. ಅಲ್ಲಿಯೂ ಕೂಡದೆ ಸೀಟಿನಿಂದ ಸೀಟಿಗೆ ಜಿಗಿದದ್ದರಿಂದ ಕಂಡಕ್ಟರನ ಕಣ್ಣಿಗೆ ಬಿದ್ದು ಮನೆ ಸೇರಿದಳು. ಸುಮ್ಮನೆ ಕುಳಿತಿದ್ದರೆ ಎಲ್ಲಿ ಮುಟ್ಟುತ್ತಿದ್ದಳೋ! ಅವಳ ಊಟವೆಂದರೆ ಚಹಾದಲ್ಲಿ ಅದ್ದಿದ ಬಿಸ್ಕೀಟು, ದಿನಕ್ಕೆ ಐದು ಸಲ. ನಿಲ್ಲುತ್ತಿದ್ದದ್ದು ಟಿವಿಯ ಮುಂದೆ ಮಾತ್ರ. ಊರಿಗೆ ಆಗ ತಾನೇ ಕೇಬಲ್ ಬಂದಿತ್ತು. ನಾನೂ ಹಾಯೆನಿಸಿ ಹಚ್ಚಿಬಿಡುತ್ತಿದ್ದೆ. ಆರಿಸಿದ ಮರುಕ್ಷಣ ಎರಡು ಪಟ್ಟು ಕುಣಿತ.

ಈ ಹುಡುಗಿ ಯಾರನ್ನು ಹೋಲುತ್ತಾಳೆ ಎಂಬುದು ಎರಡೂ ಮನೆತನಗಳ ನಡುವಿನ ವ್ಯಾಜ್ಯ. ನನ್ನನ್ನಂತೂ ಅಲ್ಲ. ನಾನು ಚಿಕ್ಕಂದಿನಲ್ಲಿ ಬಲು ಗರೀಬ, ಅಂದರೆ ಸಾಧು ಹುಡುಗಿ, ಕೂಡಿಸಿದಲ್ಲಿ ಕೂಡುವವಳು ಎಂದು ಹೆಸರಾಗಿದ್ದೆ. ಬಲಗಾಲಿನ ಹರಡಿನ ಮೇಲೆ ಕರುವಿನ ಹಗ್ಗ ತೊಡರಿ ಆದ ಕಲೆಯೊಂದನ್ನು ಬಿಟ್ಟರೆ ನನ್ನ ಬಾಲ್ಯದಲ್ಲಿ ಯಾವ ಸಾಹಸವೂ ನಡೆದಿಲ್ಲ. ಹಾಗೆಂದು ನಮ್ಮವ್ವ ಹೇಳುತ್ತಿದ್ದಳು.

ಸಾಲೆಯ ದೊಡ್ಡ ಬಾಯಾರು, ಅಂದರೆ ಮುಖ್ಯೋಪಾಧ್ಯಾಯಿನಿ, ಹೇಳಿಕಳಿಸಿದರು: ದಸರೆಯೊಳಗೆ ಈ ಹುಡುಗಿ ಕೂಡುವುದನ್ನು ಕಲಿಯದಿದ್ದರೆ ಮನೆಯಲ್ಲೇ ಇಟ್ಟುಕೊಳ್ಳಿರಿ. ಹೆತ್ತವಳದು ಧಾಕ ಇಲ್ಲ, ಮಗುವಿಗೆ ಹೆದರಿಕೆಯೇ ಇಲ್ಲ ಎಂದು ಓಣಿಯವರೂ ತೀರ್ಪು ಕೊಟ್ಟರು.

ಒಂದು ಮಾತು ಹೇಳಿಬಿಡುತ್ತೇನೆ. ಹೇಳದೆ ಮುಂದೆ ಹೋದರೆ ಈ ಬರಹ ಸುಳ್ಳಾಗುತ್ತದೆ. ರೊಟ್ಟಿ ಬಡಿಯುವ ಹೊತ್ತಿಗೆ ನಾನು ಅವಳನ್ನು ಹಳೆಯ ಸೀರೆಯ ತುಂಡಿನಿಂದ ಕಿಟಕಿಯ ಸರಳಿಗೆ ಕಟ್ಟುತ್ತಿದ್ದೆ. ಒಳಗೆ ಒಲೆ ಉರಿಯುತ್ತಿರುತ್ತಿತ್ತು, ಹೊರಗೆ ಟ್ರ್ಯಾಕ್ಟರುಗಳು ಓಡಾಡುತ್ತಿದ್ದವು. ಕಾರಣಗಳು ಬೇಕಾದಷ್ಟಿದ್ದವು. ನಾಚಿಕೆಯೂ ಅಷ್ಟೇ ಇತ್ತು.

ಮಾಮಾ ರಿಟಾಯರಾಗಿ, ಎಂಟು ದಿನ ಇದ್ದು ಹೋಗುತ್ತೇನೆಂದು ಬಂದಿಳಿದದ್ದು ಅಂಥದೊಂದು ಹೊತ್ತಿನಲ್ಲಿ. ಮಕ್ಕಳಿಲ್ಲ, ಮಾಮಿ ತೀರಿಕೊಂಡು ವರ್ಷವಾಗಿತ್ತು. ಟ್ರಂಕು ಕೆಳಗಿಡುವ ಮೊದಲೇ ಅವನಿಗೆ ಆ ಗಂಟು ಕಂಡಿತು. ಕುಳಿತು ಬಿಚ್ಚಿದ, ತುಂಡನ್ನು ಮಡಚಿದ, ನನ್ನ ಮುಖ ನೋಡದೆ ನನ್ನ ಕೈಗೆ ಕೊಟ್ಟ. ಎರಡು ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಎಂಟು ದಿನ ಎಂದವನು ಎರಡು ವರ್ಷ ಇದ್ದ. ಆಡಳಿತವಂತೂ ಮರುದಿನವೇ ಅವನ ಕೈಗೆ ಹೋಯಿತು. ನಮ್ಮ ಟಿವಿಗೆ ಜಾರುವ ಬಾಗಿಲಿನ ಕಟ್ಟಿಗೆಯ ಪೆಟ್ಟಿಗೆ ಇತ್ತು. ಅದನ್ನು ನೋಡಿದ್ದೇ ಮಾಮಾನ ಮುಖ ಅರಳಿತು. ಗೇಟು! ಮೊಣಕಾಲೂರಿ ಕುಳಿತು ಸೀಮೆಸುಣ್ಣದಿಂದ ಇಂಚಿಗೊಂದು ಗೆರೆ ಹಾಕಿದ. ದಿನವೂ ಸಂಜೆ ಅರ್ಧ ತಾಸಿನ ಪಾಳಿ, ಬಾಗಿಲು ನಾಲ್ಕೇ ಇಂಚು. ಪೂರ್ತಿ ಬಂದ್ ಮಾಡಿದರೆ ಏರಿ ಒಡೆಯುತ್ತದಂತೆ. ಪಾಳಿ ಎಂದರೆ ಸರದಿ, ಕಾಲುವೆಯ ನೀರು ಹೊಲದಿಂದ ಹೊಲಕ್ಕೆ ಹೋಗುವ ಸರದಿ. ಪಾಳಿ ಮೀರಿ ಕೇಳಿದವನು ಬಡವನಿರಲಿ, ಗೌಡನಿರಲಿ, ಮಾಮಾ ಗೇಟು ಎತ್ತಿದವನಲ್ಲ.

ರವಿವಾರದ ಸಿನಿಮಾಕ್ಕೆ ಪಾಳಿ ಉದ್ದ ಸಿಕ್ಕಿತು. ಇಂಚು ಮಾತ್ರ ಅವೇ ನಾಲ್ಕು. ಇಡೀ ಮನೆ ಸಾಲಾಗಿ ಕುಳಿತು ನಾಯಕಿಯ ಅರ್ಧ ಮೂಗು ನೋಡಿತು. ನಾಯಕ ಬಂದದ್ದು ಕುದುರೆಯ ಮೇಲೋ ಮೋಟಾರಿನಲ್ಲೋ ನನಗೆ ಇಂದಿಗೂ ಗೊತ್ತಿಲ್ಲ. ನಮ್ಮ ಯಜಮಾನರು, ಹೊಡೆದಾಟ ನಡೆದಿದೆ, ಆರು ಇಂಚಾದರೂ ಮಾಡಿರೆಂದು ಅರ್ಜಿ ಹಾಕಿದರು. "ಕೆಳಗಿನ ಹೊಲದವರೂ ಬದುಕಬೇಕಲ್ರಿ" ಎಂದು ಮಾಮಾ ಅರ್ಜಿ ವಜಾ ಮಾಡಿದ. ಶಾಂತಾ ಹತ್ತು ನಿಮಿಷ ಸಂದಿಯಲ್ಲಿ ಇಣುಕಿ, ಬೇಸತ್ತು ಅಂಗಳಕ್ಕೆ ಓಡಿದಳು. ಮಾಮಾನಿಗೆ ಬೇಕಾಗಿದ್ದದ್ದು ಅಷ್ಟೇ.

ಆಮೇಲೆ ಅಡಿಗೆಮನೆ. ಹೂಳು ತುಂಬಿದ ಕಾಲುವೆಗೆ ನೀರು ಬಿಟ್ಟು ಏನು ಉಪಯೋಗ ಎಂದವನೇ ಚಹಾ, ಬಿಸ್ಕೀಟು ಎರಡನ್ನೂ ಇಡೀ ಮನೆಗೆ ನಿಲ್ಲಿಸಿದ. ಮಗು ಒಬ್ಬಳಿಗೇ ನಿಲ್ಲಿಸಿದರೆ ಅವಳು ಕದಿಯುವುದನ್ನು ಕಲಿಯುತ್ತಾಳೆಂದು ಅವನ ವಾದ. ಬೆಳಿಗ್ಗೆ ಜೋಳದ ನುಚ್ಚು ಮತ್ತು ಮಜ್ಜಿಗೆ, ಸಂಜೆ ಮೊಳಕೆ ಬಂದ ಹೆಸರುಕಾಳು. ನಾಲ್ಕನೆಯ ದಿನ ಯಜಮಾನರು ಗಾಳಿಗೆ ಹೋಗಿಬರುತ್ತೇನೆಂದು ಹೊರಟರು. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಚಹಾದ ಬಸಿಯನ್ನು ತುಟಿಗೆ ಹಚ್ಚಿ ತಲೆ ಎತ್ತುತ್ತಾರೆ, ಎದುರಿನ ಬೆಂಚಿನ ಮೇಲೆ ಶಾಂತಾ ನಿಂತಿದ್ದಾಳೆ, ಅವಳ ಹಿಂದೆ ಮಾಮಾ! ಕದಿಯುವುದನ್ನು ಕಲಿತವರು ಯಾರೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಸಾಲೆಗೆ ಮೊದಲು ಮಾಮಾ ಅವಳನ್ನು ಮಲಪ್ರಭೆಯ ದಂಡೆಯ ಉಸುಕಿಗೆ ಕರೆದೊಯ್ದು ಸಾಕಾಗುವವರೆಗೆ ಓಡಿಸುತ್ತಿದ್ದ. ತುಂಬಿದ್ದನ್ನು ಬಿಡಲೇಬೇಕಂತೆ. ಒಂದು ದಿನ ಸಾಲೆಗೂ ಹೋಗಿ ಬಾಯಾರಿಗೆ ಕೈಮುಗಿದು, ತಾಸಿಗೊಮ್ಮೆ ಈ ಹುಡುಗಿಗೆ ಪಾಳಿ ಕೊಡಿರಿ, ಎದ್ದು ಗಿಡಗಳಿಗೆ ನೀರು ಹಾಕಿ ಬರಲಿ ಎಂದು ಕೇಳಿಕೊಂಡ. ಬಾಯಾರು ಯಾಕೋ ಒಪ್ಪಿದರು. ದಸರೆಯ ಹೊತ್ತಿಗೆ ಶಾಂತಾ ಕೂಡುವುದನ್ನು ಕಲಿತಳೇ? ಎಲ್ಲಿಯ ಮಾತು! ಆದರೆ ಸಾಲೆಯ ಗಿಡಗಳು ಚೆನ್ನಾಗಿ ಬಂದವು, ಅವಳ ಹೆಸರು ಹಾಜರಿಯಲ್ಲಿ ಉಳಿಯಿತು.

ಹೀಗೆ ಎಲ್ಲ ಸರಿಹೋಯಿತು ಎಂದು ಮುಗಿಸಬಹುದಿತ್ತು.

ಅದೊಂದು ದಿನ ಅತ್ತೆಯ ಕಡೆಯ ಎಂಟು ಮಂದಿ ಊಟಕ್ಕೆ ಬರುವವರಿದ್ದರು. ಮಾಮಾ ಹಿಟ್ಟು ಬೀಸಿಸಲು ಗಿರಣಿಗೆ ಹೋಗಿದ್ದ. ಒಲೆಯ ಮೇಲೆ ಎಣ್ಣೆ ಕಾಯುತ್ತಿತ್ತು. ಶಾಂತಾ ಮೂರನೆಯ ಸಲ ಕಡಾಯಿಗೆ ಕೈ ಚಾಚಿದಾಗ ನಾನು ಅವಳ ಬೆನ್ನಿಗೆ ಹೊಡೆದೆ. ಆಮೇಲೆ ಆ ತುಂಡನ್ನು ಹುಡುಕಿ ತಂದು ಅವಳ ಕಾಲನ್ನು ಸರಳಿಗೆ ಕಟ್ಟಿದೆ. ಈ ಸಲ ಬಿಗಿಯಾಗಿಯೇ ಕಟ್ಟಿದೆ.

ಮಾಮಾ ಹಿಟ್ಟಿನ ಡಬ್ಬಿ ಹೊತ್ತು ಬಂದ, ನೋಡಿದ. ಈ ಸಲ ಅವನು ಬಿಚ್ಚಲಿಲ್ಲ. ಒಲೆ ಆರಿಸಿ ಬಂದು ನನ್ನ ಎದುರಿಗೆ ನೆಲದ ಮೇಲೆ ಕುಳಿತು, ನನ್ನ ಬಲಗಾಲಿನ ಕಲೆಯ ಮೇಲೆ ಬೆರಳಿಟ್ಟ.

"ಇದು ಕರುವಿನ ಹಗ್ಗದ್ದಲ್ಲವ್ವಾ. ನಾ ಮಾಡಿದ್ದು."

ನಾನು ಕಾಲು ಹಿಂದಕ್ಕೆ ಎಳೆದುಕೊಂಡೆ.

"ನಿಮ್ಮವ್ವಗ ಬ್ಯಾನಿ ಆದಾಗ ಒಂದ ವರ್ಷ ನೀ ನನ್ನ ಕಡೆ ಇದ್ದಿ, ನಾಕ ವರ್ಷದಾಕಿ. ಇಕಿಗಿಂತ ಎರಡ ಪಟ್ಟ ಓಡತಿದ್ದಿ. ಎರಡ ಸಲ ಕಾಲುವಿ ದಂಡಿಗೆ ಹೋಗಿ ನಿಂತಿದ್ದಿ. ನಾ ಗೇಟ ಎತ್ತಬೇಕೋ, ನಿನ್ನ ಹಿಡೀಬೇಕೋ? ಬೇವಿನ ಗಿಡಕ್ಕ ಕಟ್ಟಿದೆ. ನೀ ಎಳದಿ, ಎಳದಿ. ನಾ ಬಂದ ಬಿಚ್ಚೂದ್ರಾಗ ತೊಗಲ ಕಿತ್ತಿತ್ತು."

ನನಗೆ ಏನೂ ನೆನಪಿಲ್ಲ ಎಂದೆ.

"ನನಗ ಐತಿ," ಎಂದ. "ಮರುದಿನ ನಾ ಕಟ್ಟಲಿಲ್ಲ. ಹಗ್ಗ ಒಗದಬಿಟ್ಟಿದ್ದೆ. ಆದ್ರ ನಾ ಗೇಟಿಗೆ ಹೊಂಟಕೂಡ್ಲೆ ನೀನ ಬಂದು ಗಿಡದ ಬುಡಕ್ಕ ಕುಂತಿ. ಕುಂತು, ಕಟ್ಟ ಅಂತ ಕಾಲ ಚಾಚಿದಿ. ಅವತ್ತಿಂದ ನೀ ಮತ್ತ ಓಡಲಿಲ್ಲ."

ಕೂಡಿಸಿದಲ್ಲಿ ಕೂಡುವವಳು! ಅಷ್ಟು ವರ್ಷ ಹೆಮ್ಮೆಯಿಂದ ಹೇಳಿಕೊಂಡು ಬಂದ ಮಾತು ಹುಟ್ಟಿದ್ದು ಆ ಬೇವಿನ ಬುಡದಲ್ಲಿ. ಮಾಮಾ ಅಳುತ್ತಿದ್ದ. ಅವನ ಮೇಲೆ ಸಿಟ್ಟು ಬರಬಹುದೆಂದು ಕಾದೆ, ಬರಲಿಲ್ಲ. ಕಾಲುವೆಯ ದಂಡೆಯಲ್ಲಿ ಮಗುವನ್ನು ಕಟ್ಟಿದವನ ಹೆದರಿಕೆ ಎಷ್ಟಿರುತ್ತದೆಂದು ನನ್ನಷ್ಟು ಯಾರಿಗೆ ಗೊತ್ತು? ತಿರುಗಿ ಕಿಟಕಿಯ ಕಡೆ ನೋಡಿದೆ. ಶಾಂತಾ ಎಳೆಯುವುದನ್ನು ಬಿಟ್ಟು, ಕಾಲು ಚಾಚಿಕೊಂಡು, ಸುಮ್ಮನೆ ಕುಳಿತಿದ್ದಳು.

ಕೈಗೆ ಹತ್ತಿದ ಕಡಲೆಹಿಟ್ಟೂ ತೊಳೆಯದೆ ಹೋಗಿ ಗಂಟಿಗೆ ಕೈ ಹಾಕಿದೆ. ನಾನೇ ಬಿಗಿದದ್ದು, ಬಿಚ್ಚಲಿಲ್ಲ, ಹಲ್ಲು ಹಚ್ಚಬೇಕಾಯಿತು. ಬಿಚ್ಚಿದ ಮೇಲೂ ಅವಳು ಏಳಲಿಲ್ಲ. ನನ್ನ ಮುಖವನ್ನೇ ನೋಡಿದಳು. ಓಡು ಎಂದೆ. ಇನ್ನೊಮ್ಮೆ ಎಂದೆ. ಆಗ ಎದ್ದು, ಹೊಸ್ತಿಲು ಜಿಗಿದು ಹೊಳೆಯ ಹಾದಿ ಹಿಡಿದಳು.

ಮಾಮಾ ರೂಢಿಯಂತೆ ಮೊಣಕಾಲು ಹಿಡಿದುಕೊಂಡು ಏಳಲು ಹೋದ. ನಾನು ಅವನ ಹೆಗಲ ಮೇಲೆ ಕೈಯಿಟ್ಟು ಕೂಡಿಸಿದೆ.

"ಕೂಡ್ರು ಮಾಮಾ. ಇವತ್ತ ನನ್ನ ಪಾಳಿ" ಎಂದು ಸೀರೆಯ ಸೆರಗು ಸಿಕ್ಕಿಸಿಕೊಂಡು, ಓಣಿಯವರೆಲ್ಲ ನೋಡುತ್ತಿರುವಂತೆಯೇ, ಮಗಳ ಹಿಂದೆ ಓಡಿದೆ.