ಆಟಿಕೆ ಲಾರಿಗೆ ಹುಲ್ಲು ಕೊಯ್ಯೋ ಎಂಜಿನ್

ಬಸ್ಸಿನಲ್ಲಿ ಕಂಡಕ್ಟರ್ ಕೆಲಸ ಮಾಡುವವಳನ್ನು ನಗಿಸುವ ಮಂದಿ ತಾವಾಗಿಯೇ ಹುಡುಕಿಕೊಂಡು ಬರುತ್ತಾರೆ. ಚೀಲದಲ್ಲಿ ಕೋಳಿ ಮುಚ್ಚಿಟ್ಟು, ಅದು ಕೂಗಿದರೆ "ನನ್ನ ಮೊಬೈಲ್ ರಿಂಗ್ರಿ ಅದು" ಅನ್ನುವವರು; ಮಾನ್ವಿಗೆ ಟಿಕೆಟ್ ತಗೊಂಡು ನಿದ್ದೆ ಹೊಡೆದು, ಅದರಾಚೆಯ ಪೋತ್ನಾಳದಲ್ಲಿ ಕಣ್ಣು ಬಿಟ್ಟು, "ಮಾನ್ವಿ ಎಲ್ಲಿ ಒಯ್ದ್ರಿ?" ಅಂತ ನನ್ನನ್ನೇ ಜಬರಿಸುವವರು. ಡ್ಯೂಟಿ ಮುಗಿಸಿ ಮನೆ ಸೇರಿದರೆ ಇದೆಲ್ಲ ತಪ್ಪುತ್ತದೆ ಅಂತ ನಾನೂ ಬಹಳ ವರ್ಷ ನಂಬಿದ್ದೆ. ಆದರೆ ನಮ್ಮನಿಯವರು ಒಂದು ಲಾರಿ ತಂದರು.

ಮಗಳ ಹೆಸರಿನಲ್ಲಿ

ಇವರದು ರಾಯಚೂರಿನಲ್ಲಿ ಕನ್ನಡಕದ ಅಂಗಡಿ. ದಿನವಿಡೀ ಎಳ್ಳುಕಾಳಿನಂಥ ಸ್ಕ್ರೂ ತಿರುಗಿಸುತ್ತಾ ಕೂಡುವ ಮನುಷ್ಯ. ಒಂದು ಸಂಜೆ ದೊಡ್ಡ ಡಬ್ಬಿ ಹೊತ್ತುಕೊಂಡು ಬಂದರು. ಒಳಗೆ ರಿಮೋಟಿನಿಂದ ಓಡುವ ಲಾರಿ. ಮೈ ಸಣ್ಣದು, ಗಾಲಿ ಮಾತ್ರ ಒಂದೊಂದೂ ಜೋಳದ ರೊಟ್ಟಿಯಷ್ಟು ಅಗಲ.

"ಮಾನ್‌ಸ್ಟರ್ ಟ್ರಕ್ ಅಂತಾರ ಇದಕ್ಕ" ಅಂದರು.

"ಯಾರಿಗ್ರೀ ಇದು?"

"ಮಗಳಿಗೆ."

ಮಗಳು ಬಿ.ಎಡ್. ಓದುತ್ತಿದ್ದಳು. "ಅಪ್ಪಾ, ನಾ ಸ್ಕೂಟಿ ಕೇಳಿದ್ದೆ" ಅಂದಳು.

"ಸ್ಕೂಟಿಗೆ ಎರಡೇ ಗಾಲಿ ಇರ್ತಾವವ್ವಾ. ಇದಕ್ಕ ನಾಕು ಅದಾವ."

ಓಣಿಯಲ್ಲಿ ಲಾರಿ ಬಿಟ್ಟರು. ಕಂದಾಯ ಇಲಾಖೆಯಿಂದ ರಿಟೈರ್ ಆದ ಪಕ್ಕದ ಮನೆಯ ಹಿರಿಯರು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಬ್ಯಾಟರಿ ಲಾರಿ ಗುಂಯ್ ಅಂತ ಹೊರಟು, ಚರಂಡಿ ಬಂಡೆಯ ಹತ್ತಿರದ ಉಬ್ಬು ಹತ್ತಲಾರದೆ ನಿಂತುಬಿಟ್ಟಿತು. ಹಿರಿಯರ ಬೆಕ್ಕು ನಿಧಾನಕ್ಕೆ ನಡೆದು ಬಂದು, ಮೂಸಿ ನೋಡಿ, ಅದರ ಮೇಲೆ ಹತ್ತಿ ಕೂತಿತು.

"ಗಾಲಿ ರಾಕ್ಷಸಂದು ಕೊಟ್ಟಾನ, ಜೀವ ಗುಬ್ಬಿದು ಕೊಟ್ಟಾನ" ಅಂದರು ಹಿರಿಯರು.

ಆ ರಾತ್ರಿ ಇವರಿಗೆ ಊಟ ಸೇರಲಿಲ್ಲ. "ಅದಕ್ಕ ದೊಡ್ಡ ಎಂಜಿನ್ ಕೂಡಿಸಬೇಕು" ಅಂತ ಗಂಗಾಳದ ಮುಂದೆಯೇ ನಿರ್ಧಾರ ಮಾಡಿದರು.

ನಮ್ಮತ್ತೆ ರೊಟ್ಟಿ ಮುರಿಯುತ್ತಾ ಅಂದರು: "ಮೊದಲ ನಿನಗ ಕೂಡಿಸ್ಕೋ. ಮುಂಜಾನಿ ನಾಕು ಸಲ ಎಬ್ಬಿಸಿದ್ರೂ ನೀ ಚಾಲೂ ಆಗಂಗಿಲ್ಲ."

ಗಂಡೋ ಹೆಣ್ಣೋ

ಇವರ ಅಕ್ಕನನ್ನು ಮಾನ್ವಿಗೆ ಕೊಟ್ಟಿದ್ದಾರೆ. ಅಕ್ಕನ ಗಂಡನದು ರೈತರ ಮಿಷನ್ ರಿಪೇರಿ ಅಂಗಡಿ. ಔಷಧ ಹೊಡೆಯುವ ಪಂಪು, ಬದುವಿನ ಹುಲ್ಲು ಕೊಯ್ಯುವ ಮಿಷನ್ನು, ಎಲ್ಲ ಅಲ್ಲಿಗೇ ಬರುತ್ತವೆ. ನಾನು ಅವರಿಗೆ ಅಣ್ಣಾರು ಅನ್ನುತ್ತೇನೆ. ಎಂಜಿನ್ ಕೂಡಿಸುವುದಾದರೆ ಅಲ್ಲೇ ಕೂಡಿಸಬೇಕು.

ಹೋಗಲಿ, ಆದರೆ ನನ್ನ ಬಸ್ಸಿಗೇ ಹತ್ತಬೇಕೇ? ಲಾರಿಗೆ ಧೂಳು ಹತ್ತಬಾರದು ಅಂತ ನಮ್ಮತ್ತೆಯ ಹಳೆ ಶಾಲಿನಲ್ಲಿ ಸುತ್ತಿ, ಎದೆಗವುಚಿಕೊಂಡು, ಕಿಟಕಿ ಪಕ್ಕ ಕೂತರು. ಬಸ್ಸು ಕುಲುಕಿದಾಗಲೆಲ್ಲ ಅದರ ಬೆನ್ನ ಮೇಲೆ ಕೈ ಇಡುತ್ತಿದ್ದರು.

"ಟಿಕೆಟ್" ಅಂದೆ.

"ಹೆಂಡತಿ ಬಸ್ಸಿನಾಗ ಗಂಡಗೂ ಟಿಕೆಟಾ?"

"ಬಸ್ಸು ಸರ್ಕಾರದ್ದು. ಹೆಂಡತಿ ಅಷ್ಟ ನಿಮ್ಮಕಿ."

ಪಕ್ಕದ ಸೀಟಿನ ಮುದುಕಿಗೆ ಕನಿಕರ ಬಂತು. "ಪಾಪ, ಒಬ್ಬನ ಕೂಸಿನ್ನ ಕಟಗೊಂಡು ಹೊಂಟಾನ. ಯಾಕ ಬೈತೀಯವ್ವಾ? ಎಷ್ಟು ತಿಂಗಳದ್ದು ಯಪ್ಪಾ ಕೂಸು?"

ಇವರು ನಾಚಿಕೊಂಡು, "ಈಗ ತಂದದ್ದು" ಅಂದರು.

"ತಾಯಿ?"

ಇವರು ನನ್ನ ಕಡೆ ಕೈ ಮಾಡಿದರು. ಮುದುಕಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಬಾಣಂತಿ ಡ್ಯೂಟಿ ಮಾಡಾಕತ್ತಾಳ! ಗಟ್ಟಿಗಿತ್ತಿ!" ಅಂದಳು. ಇಡೀ ಬಸ್ಸು ತಿರುಗಿ ನೋಡಿತು. ಡ್ರೈವರಣ್ಣ ಕನ್ನಡಿಯಲ್ಲಿ ನೋಡಿದ.

"ಗಂಡೋ ಹೆಣ್ಣೋ?" ಅಂತ ಹಿಂದಿನಿಂದ ಒಬ್ಬರು ಕೇಳಿದರು. "ಹೆಣ್ಣಾದ್ರ ಟಿಕೆಟ್ ಫ್ರೀ ನೋಡ್ರಿ!"

ಮುದುಕಿ ತಡೆಯಲಾರದೆ ಶಾಲು ಸರಿಸಿ ಮುಖ ನೋಡಹೋದಳು. ಆಮೇಲೆ ಶಾಲನ್ನು ಮೆತ್ತಗೆ ಮುಚ್ಚಿ ನನಗೆ ಸಮಾಧಾನ ಹೇಳಿದಳು: "ಇರ್ಲಿ ಬಿಡವ್ವಾ, ನಡಿಯಾಕರ ತ್ರಾಸಾಗಂಗಿಲ್ಲ. ಗಾಲಿ ಅದಾವ."

ಅಕ್ಕಿ ಗಿರಣಿಯ ಕಣದಲ್ಲಿ

ಅಣ್ಣಾರು ಗುಜರಿಗೆ ಹಾಕಬೇಕಿದ್ದ ಹುಲ್ಲು ಮಿಷನ್ನಿನ ಎಂಜಿನ್ ಬಿಚ್ಚಿ ಲಾರಿಯ ಪಕ್ಕ ಇಟ್ಟರು. ಲಾರಿಗಿಂತ ಎಂಜಿನ್ನೇ ದಪ್ಪ. ಇಬ್ಬರೂ ಸೇರಿ ಬ್ಯಾಟರಿ ಮೋಟರ್ ಕಿತ್ತು, ಕೆಳಗೆ ಕಬ್ಬಿಣದ ಪಟ್ಟಿ ಬೆಸೆದು, ಮುಂದೆ ಪೈಪಿನ ಬಂಪರ್ ಹಚ್ಚಿದರು. ರಿಮೋಟಿನ ಮಾತು ಎಂಜಿನ್ನಿಗೆ ಮುಟ್ಟಿಸಲು ಸೈಕಲ್ ಬ್ರೇಕಿನ ವಾಯರು. ಚೆಂದದ ಕೆಂಪು ಮುಚ್ಚಳ ಕೂಡಲಿಲ್ಲ. ಕತ್ತರಿಯಿಂದ ಅದಕ್ಕೊಂದು ತೂತು ಕೊರೆದರು. ಎಂಜಿನ್ನಿನ ತಲೆ ಮೇಲೆ ಬಂತು.

ಓಡಿಸಿ ನೋಡುವ ದಿನ ನನಗೆ ವಾರದ ರಜೆ. ಇವರ ಅಕ್ಕನ ಜೊತೆ ನಾನೂ ನೋಡಲು ಹೋದೆ. ಪರೀಕ್ಷೆಗೆ ಇವರು ಆರಿಸಿದ್ದು ಅಕ್ಕಿ ಗಿರಣಿಯ ಸಿಮೆಂಟ್ ಕಣ. ಅರ್ಧ ಕಣದಲ್ಲಿ ನೆಲ್ಲು ಒಣಹಾಕಿದ್ದರು, ಉಳಿದರ್ಧ ಖಾಲಿ. ಬಿಸಿಲಿಗೆ ತಲೆ ಮೇಲೆ ಸೆರಗು ಹೊದ್ದ ಹೆಣ್ಣುಮಕ್ಕಳು ಕಾಲಿನಿಂದ ಸಾಲು ಮಾಡುತ್ತಾ ನೆಲ್ಲು ತಿರುವುತ್ತಿದ್ದರು.

ಅಣ್ಣಾರು ಹಗ್ಗ ಎಳೆದರು. ಎಂಜಿನ್ನು ಢರ್ರ್ ಅಂತು. ಇವರು ರಿಮೋಟ್ ಒತ್ತಿದರು. ಲಾರಿ ಮೊದಲು ಹಿಂದಿನ ಗಾಲಿಯ ಮೇಲೆ ಎದ್ದು ನಿಂತಿತು. ಆಮೇಲೆ ಹೋಯಿತು.

"ಬಿಡ್ರೀ ಒತ್ತೋದು!" ಅಂದೆ.

"ಬಿಟ್ಟೀನಿ! ಅದ ಬಿಡವಲ್ದು!"

ಬ್ರೇಕಿನ ವಾಯರು ಸಿಕ್ಕಿಕೊಂಡಿತ್ತು. ಲಾರಿ ನೆಲ್ಲಿಗೆ ನುಗ್ಗಿತು. ಎರಡೂ ಕಡೆ ಕಾಳು ಹಾರಿಸುತ್ತಾ ಆ ತುದಿಗೆ ಹೋಗಿ, ಇವರು ತಿರುಗಿಸಿದಂತೆ ತಿರುಗಿ, ಈ ತುದಿಗೆ ಬಂತು. ಅಣ್ಣಾರು ಲುಂಗಿ ಎತ್ತಿಕಟ್ಟಿ ಹಿಂದೆ ಓಡಿದರು. ಹೆಣ್ಣುಮಕ್ಕಳು ಬೇವಿನ ಗಿಡದ ಕೆಳಗೆ ಓಡಿಹೋದರು. ಗಿರಣಿ ಮಾಲಕರು ಕೈಯಲ್ಲಿ ಚಹಾದ ಕಪ್ಪು ಹಿಡಿದೇ ಹೊರಗೆ ಬಂದರು.

ಕಡೆಗೆ ಲಾರಿ ತಾಡಪತ್ರಿಯ ಗುಡ್ಡೆಗೆ ಮೂಗು ತುರುಕಿ ಬಂದ್ ಬಿತ್ತು. ಮಾಲಕರು ಬಾಯಿ ತೆಗೆದರು. ಅಷ್ಟರಲ್ಲಿ ಗಿಡದ ಕೆಳಗಿಂದ ಆ ಹೆಣ್ಣುಮಕ್ಕಳ ಹಿರಿಯಳು ಕೂಗಿದಳು:

"ಮಾಲಕ್ರೇ, ಬೈಬ್ಯಾಡ್ರಿ ಅವರಿಗೆ! ನೆಲ್ಲು ಚಲೋ ತಿರುವ್ಯಾರ. ಆ ಮೂಲಿ ಒಂದು ಉಳದದ. ಅಲ್ಲೀನೂ ಒಂದು ಸುತ್ತು ಹೊಡಿಸ್ರಿ, ನಾವು ಚಾ ಕುಡದು ಬರ್ತೀವಿ."

ಒಂದೇ ನಂಬರು

ಇದು ಸಣ್ಣ ಕಥೆ. ರಾಯಚೂರಿಗೆ ವಾಪಸ್ ತಂದ ಮೇಲೆ ಲಾರಿಗೆ ಕಣ್ಣು ಬೇಕೆನಿಸಿತು. ಅಂಗಡಿಯಲ್ಲಿದ್ದ ಎರಡು ದಪ್ಪ ಗಾಜು ತಂದು ಹೆಡ್‌ಲೈಟಿನ ಮುಂದೆ ಅಂಟಿಸಿದರು. ಮರುದಿನ ರಿಟೈರ್ಡ್ ಮಾಸ್ತರೊಬ್ಬರು ಕನ್ನಡಕ ಒಯ್ಯಲು ಬಂದರು. ಫ್ರೇಮು ಇತ್ತು, ಗಾಜು ಇರಲಿಲ್ಲ.

"ಗಾಜು ಟೆಸ್ಟಿಂಗಿಗೆ ಹೋಗ್ಯಾವ ಸರ್" ಅಂದರು ಇವರು.

ಮಾಸ್ತರು ಅಂಗಡಿಯ ಮೂಲೆಗೆ ಬಗ್ಗಿ ನೋಡಿದರು. ಲಾರಿ ಅವರನ್ನು ದೊಡ್ಡ ಕಣ್ಣು ಬಿಟ್ಟು ನೋಡುತ್ತಿತ್ತು.

"ಪಾಪ, ಅದಕ್ಕೂ ನಂದೇ ನಂಬರೇನು?" ಅಂದರು.

ಸೊಳ್ಳೆ ಗಾಡಿ

ಈಗ ಓಣಿಯಲ್ಲಿ ಮಾನ ವಾಪಸ್ ಪಡೆಯಬೇಕಿತ್ತು. ಒಂದು ಸಂಜೆ ಪಕ್ಕದ ಮನೆಯ ಹಿರಿಯರು ಕಟ್ಟೆಗೆ ಬಂದು ಕೂತದ್ದೇ ತಡ, ಇವರು ಲಾರಿ ಹೊರಗೆ ತಂದರು. ಪೆಟ್ರೋಲಿಗೆ ಆಯಿಲ್ ಬೆರೆಸಬೇಕು; ಎಷ್ಟು ಅಂತ ಅಣ್ಣಾರು ಹೇಳಿದ್ದರು. ಇವರು ಎಂಜಿನ್ ನುಣ್ಣಗೆ ಓಡಲಿ ಅಂತ ಪ್ರೀತಿಯಿಂದ ಇನ್ನಷ್ಟು ಸುರಿದಿದ್ದರು.

ಹಗ್ಗ ಎಳೆದದ್ದೇ ಢರ್ರ್ ಅಂತ ಸದ್ದು, ಜೊತೆಗೆ ಬಿಳಿ ಹೊಗೆ. ಒಂದು ಕ್ಷಣಕ್ಕೆ ಓಣಿಯೇ ಕಾಣದಾಯಿತು.

"ಸೊಳ್ಳಿ ಗಾಡಿ ಬಂತು! ಅನ್ನ ಮುಚ್ಚರಿ!" ಅಂತ ಎದುರಿನ ಮನೆಯಿಂದ ಕೂಗು ಬಂತು. ದಬದಬ ಕಿಟಕಿ ಮುಚ್ಚಿದ ಸದ್ದು. ಒಬ್ಬ ಅಜ್ಜಿ ಮಾತ್ರ ಬಾಗಿಲು ಅಗಲಕ್ಕೆ ತೆರೆದು ನಿಂತಳು: "ನಮ್ಮ ಮನಿ ಮುಂದ ಇನ್ನೊಂದೀಟು ಬಿಡೋ ಯಪ್ಪಾ. ರಾತ್ರೆಲ್ಲಾ ಕಡಿತಾವ."

ಇವರು ಹೊಗೆಯೊಳಗಿಂದ, "ಇದು ಅದಲ್ಲಬೇ, ಲಾರಿ!" ಅಂದರು. ಯಾರಿಗೂ ಕೇಳಲಿಲ್ಲ.

ಹೊಗೆ ತಿಳಿಯಾದಾಗ ಪಕ್ಕದ ಹಿರಿಯರು ಕೆಮ್ಮುತ್ತಾ ಬಂದು ಇವರ ಕೈ ಹಿಡಿದರು. "ಸೊಳ್ಳಿಗೆ ಹೊಗಿ ಬಿಡ್ರಿ ಅಂತ ಎಷ್ಟು ಅರ್ಜಿ ಕೊಟ್ಟೀನಿ, ಒಬ್ರೂ ಬಂದಿಲ್ಲ. ನೀ ಮಾಡಿದಿ ನೋಡಪ್ಪಾ." ಅವರ ಬೆಕ್ಕು ಎರಡು ದಿನ ಮಾಳಿಗೆ ಇಳಿಯಲಿಲ್ಲ; ಆ ಮಾತು ಅವರು ಎತ್ತಲಿಲ್ಲ.

ಸುದ್ದಿ ಮುಟ್ಟಿ ನಮ್ಮ ವಾರ್ಡಿನ ಮೆಂಬರು ಬಂದರು. ಇವರು ಎಲ್ಲ ಖರೆ ಹೇಳಿದರು: ಇದು ಆಟಿಕೆ, ಇದು ಹುಲ್ಲು ಮಿಷನ್ನಿನ ಎಂಜಿನ್, ಆಯಿಲ್ ಜಾಸ್ತಿ ಆಗಿತ್ತು. ಮೆಂಬರು ಪೂರಾ ಕೇಳಿಸಿಕೊಂಡು, ಲಾರಿಯ ಮೇಲೆ ಕೈ ಇಟ್ಟು ಫೋಟೋ ತೆಗೆಸಿಕೊಂಡು ಹೋದರು. ಮರುದಿನ ಎಲ್ಲರ ಮೊಬೈಲಿಗೂ ಬಂತು: "ನಮ್ಮ ವಾರ್ಡಿನಲ್ಲಿ ರಿಮೋಟ್ ತಂತ್ರಜ್ಞಾನದಿಂದ ಸೊಳ್ಳೆ ನಿರ್ಮೂಲನೆ."

ಸಂಜೆಗೆ ಹಿಂದಿನ ಓಣಿಯವರು ಮನೆಗೇ ಬಂದರು. "ನಮ್ಮ ಓಣಿ ಯಾಕ ಬಿಟ್ರಿ? ನಾವೇನು ಓಟ್ ಹಾಕಿಲ್ಲೇನು?"

ನಮ್ಮತ್ತೆ ಬಾಗಿಲಲ್ಲೇ ತಡೆದರು. "ಸುಮ್ನಿರ್ರಿ. ಇಲ್ಲಿ ಸೊಳ್ಳಿ ಒಂದೂ ಸತ್ತಿಲ್ಲ. ಹೊಗಿ ನೋಡಾಕ ನಿಮ್ಮ ಓಣಿ ಸೊಳ್ಳಿನೂ ಇಲ್ಲೇ ಬಂದಾವ."

ದೇವದುರ್ಗದ ಟಗರು

ನನ್ನ ತವರು ದೇವದುರ್ಗ. ನಮ್ಮವರು ಕುರಿ ಕಾಯ್ದುಕೊಂಡೇ ಬೆಳೆದವರು. ಹಿಂಡು ಈಗ ಸಣ್ಣದಾಗಿದೆ, ಆದರೆ ನನ್ನ ತಮ್ಮ ಒಂದು ಟಗರು ಸಾಕಿದ್ದಾನೆ. ಅದಕ್ಕೆ ಶೇಂಗಾ ಹಿಂಡಿ, ಹುರುಳಿ, ಹಸಿ ಮೊಟ್ಟೆ. ಕೊಂಬಿಗೆ ಎಣ್ಣೆ ತೀಡುತ್ತಾನೆ. ಹೆಂಡತಿಗೆ ನೆಗಡಿಯಾದರೆ ಮಾತ್ರೆ ನುಂಗು ಅನ್ನುತ್ತಾನೆ. ಟಗರು ಸೀನಿದರೆ ದನದ ಡಾಕ್ಟರನ್ನು ಮನೆಗೇ ಕರೆಸುತ್ತಾನೆ. ನಮ್ಮನಿಯವರಿಗೂ ಅವನಿಗೂ ಅಷ್ಟಕ್ಕಷ್ಟೇ. ಇವರನ್ನು ಅವನು "ಕನ್ನಡಕದ ಮಾಮಾ" ಅನ್ನುತ್ತಾನೆ, ಅದರಲ್ಲಿ ಮರ್ಯಾದೆಗಿಂತ ಕನ್ನಡಕವೇ ಜಾಸ್ತಿ.

ತಮ್ಮನ ಮಗನ ಜವಳಕ್ಕೆ ಹೋಗುವಾಗ "ಲಾರಿ ತರಬ್ಯಾಡ್ರಿ" ಅಂತ ಕೈಮುಗಿದು ಹೇಳಿದ್ದೆ. ಹೂಂ ಅಂದಿದ್ದರು. ದೇವದುರ್ಗದಲ್ಲಿ ಬಟ್ಟೆಯ ಚೀಲ ಬಿಚ್ಚಿದರೆ ಕೂಸಿನ ಅಂಗಿಯ ಕೆಳಗೆ ಗಾಲಿ ಕಂಡವು.

ಊಟ ಆದ ಮೇಲೆ ಬೀಗರೆಲ್ಲ ಅಂಗಳದಲ್ಲಿ ಕೂತಿದ್ದಾಗ ತಮ್ಮ ಕೆಣಕಿದ. "ಮಾಮಾ, ಅದೇನೋ ಸೊಳ್ಳಿ ಓಡ್ಸೋ ಗೊಂಬಿ ಮಾಡೀರಂತ?"

ಅಷ್ಟೇ ಸಾಕಾಯಿತು. ಇವರು ಎದ್ದು ಹಗ್ಗ ಎಳೆದೇಬಿಟ್ಟರು. ಗೂಟಕ್ಕೆ ಕಟ್ಟಿದ್ದ ಟಗರು ಮೇಯುವುದು ಬಿಟ್ಟು ತಲೆ ಎತ್ತಿತು. ಎದುರಿಗೆ ಕೆಂಪು ಮೈ, ದೊಡ್ಡ ಕಣ್ಣು, ಗುರುಗುಟ್ಟುವ ಗಂಟಲು, ಹೊಗೆ. ಹುಟ್ಟಿದಾಗಿನಿಂದ ಅದಕ್ಕೆ ಸರಿಜೋಡಿ ಸಿಕ್ಕಿರಲಿಲ್ಲ ಅಂತ ಕಾಣುತ್ತದೆ. ಅದು ನಾಲ್ಕು ಹೆಜ್ಜೆ ಹಿಂದೆ ಸರಿಯಿತು.

"ಬಂದ್ ಮಾಡ್ರೀ ಮಾಮಾ!" ಅಂತ ತಮ್ಮ ಕೂಗುವಷ್ಟರಲ್ಲಿ ಗೂಟ ಕಿತ್ತು ಬಂತು. ಢಂ ಅಂತು. ಎಲ್ಲರೂ ಕಣ್ಣು ಮುಚ್ಚಿದೆವು.

ತೆರೆದು ನೋಡಿದರೆ ಲಾರಿ ನೆಲದ ಮೇಲಿರಲಿಲ್ಲ. ಬಂಪರಿನ ಪೈಪು ಕೊಂಬಿಗೆ ಸಿಕ್ಕಿ, ಲಾರಿ ಟಗರಿನ ನೆತ್ತಿಯ ಮೇಲೆ ಮಲಗಿತ್ತು. ಗಾಲಿ ಆಕಾಶಕ್ಕೆ. ಎಂಜಿನ್ ಓಡುತ್ತಲೇ ಇತ್ತು. ಟಗರು ಗಾಬರಿಬಿದ್ದು ಬಾಗಿಲು ದಾಟಿ ಹೊರಗೆ ಓಡಿತು. ಆ ದಿನ ಸಂತೆ.

"ಅಕ್ಕಾ, ನನ್ನ ಟಗರಿಗೆ ಏನರ ಆದ್ರ ನೀ ಈ ಹೊಸ್ತಿಲಾ ತುಳೀಬ್ಯಾಡ!" ಅಂತ ತಮ್ಮ ಚೀರುತ್ತಾ ಓಡಿದ. ಅವನು ಹಾಗಂದದ್ದು ಅದೇ ಮೊದಲು. ಇಳಕಲ್ ಸೀರೆ ಎತ್ತಿಹಿಡಿದು ನಾನೂ ಓಡಿದೆ. ನನ್ನ ಮುಂದೆ ಇವರು, ರಿಮೋಟನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದು, ಒತ್ತುತ್ತಾ, ತಿರುಗಿಸುತ್ತಾ ಓಡುತ್ತಿದ್ದರು. ರಿಮೋಟಿನಿಂದ ಎಂಜಿನ್ನಿನ ಜೋರು ಕಮ್ಮಿ ಮಾಡಬಹುದು, ಪೂರಾ ಬಂದ್ ಮಾಡುವ ಗುಂಡಿ ಲಾರಿಯ ಮೇಲಿದೆ. ಲಾರಿ ಟಗರಿನ ಮೇಲಿದೆ.

ಸಂತೆಯವರು ಕಂಡದ್ದು ಬೇರೆ. ತಲೆಯ ಮೇಲೆ ಎಂಜಿನ್ ಹೊತ್ತು ಹೊಗೆ ಬಿಡುತ್ತಾ ಓಡುವ ಟಗರು, ಹಿಂದೆ ರಿಮೋಟ್ ಹಿಡಿದ ಮನುಷ್ಯ.

"ಟಗರಿಗೆ ಎಂಜಿನ್ ಕೂಡಿಸ್ಯಾರಲೇ!" ಅಂತ ಒಬ್ಬ ಕೂಗಿದ. ಮಂದಿ ಎರಡೂ ಕಡೆ ಸರಿದು ದಾರಿ ಬಿಟ್ಟರು. ಟಗರು ಉಳ್ಳಾಗಡ್ಡಿ ರಾಶಿ ನೋಡಿ ಎಡಕ್ಕೆ ಹೊರಳಿತು. ಇವರ ಕೈ ಆಗಲೇ ಎಡಕ್ಕಿತ್ತು. "ಬರೋಬ್ಬರಿ ತಿರುಗಿಸಿದ!" ಅಂದರು ಮಂದಿ. ಬಳೆಗಾರನ ಪೆಟ್ಟಿಗೆಯ ಮುಂದೆ ಬಲಕ್ಕೆ ಹೊರಳಿತು. ಇವರು ಎಡವಿ ಬಲಕ್ಕೆ ವಾಲಿದರು. ಮಂದಿ ಸೀಟಿ ಹೊಡೆದರು. ಒಬ್ಬ ಹಿರಿಯ, "ರಿವರ್ಸ್ ತಗೋ ತಮ್ಮಾ, ನೋಡೋಣು!" ಅಂತ ಆರ್ಡರ್ ಮಾಡಿದ.

ಮೆಂತ್ಯಪಲ್ಯ ಮಾರುವವಳ ಮುಂದೆ ಟಗರು ನಿಂತಿತು. ಅದಕ್ಕೆ ಸಿಟ್ಟಿಗಿಂತ ಹಸಿವು ದೊಡ್ಡದು. ಅದೇ ಗಳಿಗೆಗೆ ಪೆಟ್ರೋಲ್ ಮುಗಿದು ಎಂಜಿನ್ ಸುಮ್ಮನಾಯಿತು. ಅದೇ ಗಳಿಗೆಗೆ ಇವರು ಏದುಸಿರು ಬಿಡುತ್ತಾ ರಿಮೋಟ್ ಕೆಳಗಿಳಿಸಿದರು. ಸಂತೆಗೆ ಸಂತೆಯೇ ಚಪ್ಪಾಳೆ ಹೊಡೆಯಿತು.

ತಮ್ಮ ಬಂದವನೇ ಲಾರಿ ಬಿಡಿಸಿ ಎಸೆದು, ಟಗರಿನ ನೆತ್ತಿ, ಕಣ್ಣು, ಕೊಂಬು ಎಲ್ಲ ಸವರಿ ನೋಡಿದ. ಒಂದು ಗೀರೂ ಇರಲಿಲ್ಲ. ಆಮೇಲೆ ಇವರ ಕಡೆ ತಿರುಗಿ ಕೈ ಎತ್ತಿದ. ನಾನು ನಡುವೆ ಹೋಗಬೇಕು, ಅಷ್ಟರಲ್ಲಿ ಯಾರೋ ಅವನ ಬೆನ್ನು ಚಪ್ಪರಿಸಿದರು: "ಭಲೇ! ಜಿಲ್ಲಾದಾಗ ಮೊದಲನೇ ರಿಮೋಟ್ ಟಗರು ನಿಂದೇ ನೋಡು!"

ಎತ್ತಿದ ಕೈ ಗಾಳಿಯಲ್ಲೇ ಒಂದಿಷ್ಟು ವಿಚಾರ ಮಾಡಿತು. ಮೆಲ್ಲಗೆ ಇಳಿದು ಇವರ ಹೆಗಲ ಮೇಲೆ ಕೂತಿತು.

"ನಮ್ಮ ಮಾಮಾ ಮಾಡಿದ್ರೀ ಇದು" ಅಂದ ತಮ್ಮ. "ರಾಯಚೂರಾಗ ದೊಡ್ಡ ಎಂಜಿನಿಯರ್ ಅದಾರ."

ಹತ್ತಿರದ ಹಳ್ಳಿಯ ಒಬ್ಬ ರೈತ ಮುಂದೆ ಬಂದು, ತನ್ನ ಹೋರಿ ಮಾತು ಕೇಳುವುದಿಲ್ಲ, ಅದಕ್ಕೂ ಕೂಡಿಸಬಹುದೇ ಅಂತ ವಿಚಾರಿಸಿದ. ಇನ್ನೊಬ್ಬ ಎಮ್ಮೆಯ ಮಾತೆತ್ತಿದ. ಕಡೆಗೆ ಮೆಂತ್ಯಪಲ್ಯ ಮಾರುವವಳು ನನ್ನ ಸೆರಗು ಜಗ್ಗಿ ಮೆತ್ತಗೆ ಕೇಳಿದಳು: "ಯಕ್ಕಾ, ನನ್ನ ಗಂಡ ಮನಿಗೆ ಹೋಗ್ತೀನಂತ ಎದ್ರ ಸೀದಾ ದಾರೂ ಅಂಗಡಿ ಕಡೀಗೇ ತಿರುಗ್ತಾನ. ಅವನಿಗೊಂದು ಕೂಡಿಸಾಕ ಬರ್ತದೇನು?"

ನಾನು ನಕ್ಕು ಏನೋ ಹೇಳುವವಳಿದ್ದೆ. ಅಷ್ಟರಲ್ಲಿ ನಮ್ಮನಿಯವರು ಕನ್ನಡಕ ಸರಿಮಾಡಿಕೊಂಡು, ಬಹಳ ಗಂಭೀರವಾಗಿ ಕೇಳಿದರು:

"ತೂಕ ಎಷ್ಟದಾನವ್ವಾ?"