ದೊಡ್ಡೋರ ದರ್ಶನ

ಈ ಭಾನುವಾರ ಗೋಪಾಲಸ್ವಾಮಿ ಬೆಟ್ಟವನ್ನು ನಡೆದೇ ಹತ್ತುವುದೆಂದು ನೀಲಕಂಠಸ್ವಾಮಿ ಘೋಷಿಸಿದಾಗ ಮನೆಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಗುಂಡ್ಲುಪೇಟೆಯ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ಆತ ಬೀದಿ ಕೊನೆಯ ಅಂಗಡಿಗೂ ಸ್ಕೂಟರಿನಲ್ಲೇ ಹೋಗುವವನು.

"ಹೆದರ್ಕೋಬೇಡಿ! ಒಬ್ಬೊಬ್ರ ಕಾಲಿಗೂ ತಕ್ಕಂಗೆ ಪ್ಲಾನ್ ಹಾಕಿವ್ನಿ" ಎಂದ. ಅವ್ವ ಶಿವರುದ್ರಮ್ಮನ ಮಂಡಿನೋವಿಗೆ ಬೆಟ್ಟದ ಬುಡದ ಹೊಂಗೆ ನೆರಳು ಸಾಕು. ಹೆಂಡತಿ ಸುಧಾಮಣಿಗೆ ಅರ್ಧ ಬೆಟ್ಟ. ತುದಿ ಮಾತ್ರ ವೀರರಿಗೆ, ಅಂದರೆ ತನಗೆ!

"ಒಳಗಿನ ವಿಷ್ಯ ಏನು, ಬುಡ್ಸಿ ಹೇಳಿ" ಎಂದಳು ಸುಧಾಮಣಿ.

ವಿಷಯ ಇತ್ತು. ಸುಧಾಮಣಿ ಚಾಮರಾಜನಗರದಲ್ಲಿ ಶಾಲೆಯ ಮೇಡಂ. ಮದುವೆಯಾದಾಗಿನಿಂದ ಗಂಡ ಹೆಂಡಿರಿಗೆ ಸಂಸಾರವೆಂಬುದು ಭಾನುವಾರದ ಬಾಬತ್ತು. ಸೋಮವಾರ ಬೆಳಿಗ್ಗೆ ಆಕೆ ಬ್ಯಾಗು ಹಿಡಿದು ಬಸ್ಸು ಹತ್ತಿದರೆ ಆತನಿಗೆ ತಿಂಡಿಯೂ ಸೇರುತ್ತಿರಲಿಲ್ಲ. ಅವನನ್ನು ಅಲ್ಲಿಗೆ ವರ್ಗ ಮಾಡಬಲ್ಲ ಮೈಸೂರಿನ ಸಾಹೇಬರು ಈ ಭಾನುವಾರ ಬೆಟ್ಟಕ್ಕೆ ಬರುವವರಿದ್ದರು. ಅವರಿಗೆ ನಡಿಗೆಯೆಂದರೆ ಪ್ರಾಣವಂತೆ!

"ಅವ್ರೂ ನಡೀತಾರೆ, ನಾನೂ ನಡೀತೀನಿ. ಮಾತಿಗೆ ಮಾತು ಬೆಳೀತದೆ, ಟ್ರಾನ್ಸ್‌ಫರ್ ತಾನಾಗೇ ಬತ್ತದೆ!"

ಭಾನುವಾರ ಅವ್ವನನ್ನು ಹೊಂಗೆ ನೆರಳಲ್ಲಿ ಕೂರಿಸಿ, ಕೈಗೆ ಕಡ್ಲೆಪುರಿ ಕೊಟ್ಟು, ಇಬ್ಬರೂ ಹೊರಟರು. ಎರಡನೇ ತಿರುವಿಗೇ ವೀರನ ಉಸಿರು ಬಾಯಿಗೆ ಬಂತು. "ಸೀನರಿ ನೋಡನ" ಎಂದು ಕೂತ. ಮುಂದಿನ ತಿರುವಿನಲ್ಲೂ ಸೀನರಿ! ಸುಧಾಮಣಿ ಮಾತ್ರ ಸೆರಗು ಸಿಕ್ಕಿಸಿಕೊಂಡು ಆರಾಮವಾಗಿ ಹತ್ತುತ್ತಿದ್ದಳು. ಮಂಜು ಸರಿದು ಹಸಿರು ಗುಡ್ಡಗಳು ಕಂಡಾಗ, "ಹಿಂಗೇ ದಿನಾ ಜೊತೇಲಿ ಇದ್ರೆ ಎಷ್ಟು ಚೆಂದ ಅಲ್ವೇನ್ರೀ" ಎಂದಳು. ಆತನಿಗೆ ಕಣ್ಣು ತುಂಬಿತು. ಏದುಸಿರು ಬಿಡುತ್ತಲೇ ತಲೆಯಾಡಿಸಿದ.

ಅಷ್ಟರಲ್ಲಿ ಅರಣ್ಯದ ವಾಚರ್ ಮುದ್ದಯ್ಯ ಮೇಲಿನಿಂದ ಓಡೋಡಿ ಬಂದ. "ದೊಡ್ಡೋರು ಇಳೀತಾವ್ರೆ ಸ್ವಾಮಿ! ಪಕ್ಕಕ್ಕೆ ಓಗಿ, ಓಗಿ!" ಎಂದವನೇ ನಿಲ್ಲದೆ ಕೆಳಗೆ ಓಡಿದ.

ನೀಲಕಂಠಸ್ವಾಮಿಯ ಕಚೇರಿಯಲ್ಲಿ ದೊಡ್ಡೋರು ಎಂದರೆ ಸಾಹೇಬರೇ! ಆತ ತಟ್ಟನೆ ತಲೆ ಬಾಚಿದ. ದೇವರಿಗೆಂದು ತಂದಿದ್ದ ಬಾಳೆಹಣ್ಣಿನ ಚಿಪ್ಪನ್ನು ಕೈಗೆತ್ತಿಕೊಂಡ.

"ರೀ, ವಾಚರ್ ಯಾಕೆ ಹಂಗೆ ಓಡ್ದ?"

"ಶಿಸ್ತು ಕಣೆ! ದೊಡ್ಡೋರ ಮುಂದೆ ಯಾರಾದ್ರೂ ಓಡ್ಲೇಬೇಕು."

ಪೊದೆಯಾಚೆ ಕೊಂಬೆ ಮುರಿವ ಸದ್ದು ಕೇಳಿಸಿತು. "ನೋಡು, ದಾರಿ ಸವರುಸ್ಕೊಂಡೇ ಬತ್ತಾವ್ರೆ!" ಎಂದು ಆತ ಸೊಂಟ ಬಗ್ಗಿಸಿ ಶುರುಮಾಡಿದ: "ನಮಸ್ಕಾರ ಸಾರ್, ನನ್ನ ವರ್ಗಾವಣೆ ವಿಷ್ಯ..."

ತಲೆ ಬಗ್ಗಿಸಿದ್ದವನಿಗೆ ಮೊದಲು ಕಂಡದ್ದು ಪಾದಗಳು. ನಾಲ್ಕು! ಕಾಡಿನಂಚಿನ ಜನ ಆನೆಯ ಹೆಸರೆತ್ತದೆ ದೊಡ್ಡೋರು ಎನ್ನುವುದು ಆತನಿಗೆ ಆಗ ನೆನಪಾಯಿತು. ಸುಧಾಮಣಿ ರಸ್ತೆಯಡಿಯ ಮೋರಿಯೊಳಗೆ ನುಗ್ಗಿದಳು. ಬೆಟ್ಟದ ತುದಿ ಮುಟ್ಟಬೇಕಿದ್ದ ವೀರ ಪಕ್ಕದ ಮರದ ತುದಿ ಮುಟ್ಟಿದ. ದೊಡ್ಡೋರು ಬಾಳೆಹಣ್ಣನ್ನು ಸಾವಕಾಶವಾಗಿ ಸ್ವೀಕರಿಸಿ, ಅರ್ಜಿಯ ಬಗ್ಗೆ ಏನೂ ಹೇಳದೆ ಕಾಡಿಗಿಳಿದರು. ಕೆಳಗಿನಿಂದ ಜೀಪೊಂದು ಬಂದು ಮೇಲಕ್ಕೆ ಹೋದಾಗಲೂ ಆತ ಕೊಂಬೆ ತಬ್ಬಿಕೊಂಡು ಕಣ್ಣು ಮುಚ್ಚಿಯೇ ಇದ್ದ.

ಕಡೆಗೆ ಇಬ್ಬರೂ ಕುಂಟುತ್ತಾ ಬುಡಕ್ಕೆ ಬಂದರೆ ಹೊಂಗೆ ನೆರಳಲ್ಲಿ ಅವ್ವನೇ ಇಲ್ಲ! ಗಾಬರಿಯಿಂದ ಕೂಗಾಡುತ್ತಿರುವಾಗ ಅದೇ ಜೀಪು ಕೆಳಗಿಳಿದು ನಿಂತಿತು. ಶಿವರುದ್ರಮ್ಮ ಹಣೆಗೆ ಗಂಧವಿಟ್ಟುಕೊಂಡು ಇಳಿದರು. ಜೀಪು ಮೈಸೂರಿನ ಕಡೆ ಹೊರಟಿತು.

"ಲೋ ನೀಲ, ನಿನ್ ಕೆಲ್ಸ ಆಯ್ತು ಕಣ್ಲಾ! ನಿಮ್ಮ ಸಾಹೇಬ್ರೇ ಅಂತೆ, ದಾರೀಲಿ ದೊಡ್ಡೋರು ಅವ್ರೆ ಅಂತ ನಡೆಯೋದು ಬುಟ್ಟು ಜೀಪಲ್ಲೇ ಹೊಂಟಿದ್ರು, ಮುದುಕಿ ಅಂತ ನನ್ನೂ ಕೂರುಸ್ಕೊಂಡ್ರು. ಮಗ ಒಂದೂರು, ಸೊಸೆ ಒಂದೂರು, ನಾಳೆ ಮೊಮ್ಮಗ ಹುಟ್ಟುದ್ರೆ ಬಸ್‌ಸ್ಟ್ಯಾಂಡಲ್ಲಿ ಆಡುಸ್ಲಾ ಸ್ವಾಮಿ ಅಂದೆ. ನಕ್ಬುಟ್ಟು, ಜೂನ್‌ಗೆ ಚಾಮರಾಜನಗರಕ್ಕೇ ಹಾಕ್ತೀನಿ ಅಂದ್ರು."

ಸುಧಾಮಣಿ ನಗುತ್ತಲೇ ಅತ್ತುಬಿಟ್ಟಳು. ನೀಲಕಂಠಸ್ವಾಮಿ ಎದೆಯುಬ್ಬಿಸಿದ. "ನನ್ ಬಗ್ಗೆ ಏನ್ ಹೇಳ್ದೆ ಅವ್ವ?"

"ಭಾರಿ ಗಟ್ಟಿಗ, ಬೆಟ್ಟ ಹತ್ತೋದು ಅವನಿಗೆ ನೀರು ಕುಡ್ದಂಗೆ ಅಂತಿದ್ದೆ. ಅಷ್ಟೊತ್ಗೆ ನೀನು ಮರದ್ ಮ್ಯಾಲೆ ಕಂಡೆ. 'ಅದೇನಮ್ಮ ಅದು?' ಅಂದ್ರು ಸಾಹೇಬ್ರು."

"ನೀನೇನಂದೆ?"

"ಏನನ್ನಾನ? ಯಾವ್ದೋ ಮುಸಿಯ ಕೋತಿ ಬುಡಿ ಸ್ವಾಮಿ, ಈ ಕಡೆ ಜಾಸ್ತಿ ಅಂದ್ಬುಟ್ಟೆ!"